ಮೂಗಿನ ದಾರಿಯನ್ನೇ ಆರಿಸಿಕೊಂಡೆ

ಹನಿ ತುಸು ಉಪ್ಪಾಗಿತ್ತು. ನೀರಿನಷ್ಟೇ ತೆಳ್ಳಗಿತ್ತು. ಎಡ ಹೊಳ್ಳೆಯಿಂದ ಮಾತ್ರ ಬೀಳುತ್ತಿತ್ತು, ಅದೂ ನಾನು ತಲೆ ಬಗ್ಗಿಸಿದಾಗ. ಶೀತವಾದಾಗ ಒರೆಸಿಕೊಂಡ ಕರವಸ್ತ್ರ ಒಣಗಿದರೆ ಬಿರುಸಾಗುತ್ತದೆ. ಈ ಹನಿ ಒರೆಸಿದ್ದು ಒಗೆದು ಒಣಗಿಸಿದ ಹಾಗೆ ಮೆತ್ತಗೇ ಉಳಿಯುತ್ತಿತ್ತು.

ನಾನು ಕಾಪುವಿನಿಂದ ದಿನಾ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹನಿ ಶುರುವಾಗುವುದಕ್ಕೂ ಕೆಲವು ವಾರಗಳ ಹಿಂದೆ ಉಚ್ಚಿಲದಲ್ಲಿ ದನ ಅಡ್ಡ ಬಂದು ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ್ದರು. ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿದಿತ್ತು. ಬಾವು ಇಳಿಯಿತು, ನಾನು ಮರೆತೆ. ಹನಿಗೂ ಆ ಕಂಬಿಗೂ ಸಂಬಂಧವಿರಬಹುದೆಂದು ಹೊಳೆಯಲಿಲ್ಲ.

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರೆದುರು ಕೈ ಜೋಡಿಸಿ, ತಲೆ ಬಾಗಿಸಿ, ಬೆಸಾಂವ್ ಎಂದು ನಾವು ಕರೆಯುವ ಆಶೀರ್ವಾದವನ್ನು ಕೇಳಬೇಕು. ಒಂದು ಸಂಜೆ ಹಾಗೆ ಬಾಗಿದಾಗ ಹನಿ ಅಜ್ಜಿಯ ಕೈಮೇಲೆ ಬಿತ್ತು. ಮರುದಿನವೂ ಬಿತ್ತು. ಆ ದಿನಗಳಲ್ಲೇ ಬಹರೈನಿನಲ್ಲಿ ಕೆಲಸದಲ್ಲಿದ್ದ ಹುಡುಗನೊಬ್ಬನ ಮನೆಯವರು ನನ್ನನ್ನು ನೋಡಲು ಬರುವವರಿದ್ದರು.

"ಅಳುವುದು ಯಾಕೆ ಬಾಯೆ?" ಎಂದರು ಅಜ್ಜಿ. "ಮನಸ್ಸಿಲ್ಲದಿದ್ದರೆ ಬಾಯಿ ಬಿಟ್ಟು ಹೇಳು."

"ಅಳುತ್ತಿಲ್ಲ. ಮೂಗಿನ ನೀರು."

"ಅಳುವವರಿಗೆ ಮೂಗಿನಿಂದಲೂ ಬರ್ತದೆ."

ನಾನು ಕಡಿಮೆ ಮಾತಿನವಳು. ಎರಡನೆಯ ಸಲ ಹೇಳಿದರೂ ಯಾರೂ ನಂಬಲಿಲ್ಲ. ಅಪ್ಪನ ತಮ್ಮ, ನಾವು ಬಾಪ್ಪು ಎಂದು ಕರೆಯುವವರು, ಟ್ರಂಕ್ ಕಾಲ್ ಮಾಡಿ ಬರುವವರನ್ನು ತಡೆದರು. ಸಂಬಂಧ ತಪ್ಪಿತು. ಹನಿ ತಪ್ಪಲಿಲ್ಲ. ಆಗ ಮಾತ್ರ ಅಜ್ಜಿಗೆ ಸಂಶಯ ಬಂತು. "ಇವಳು ಇನ್ನು ಎಂತಕ್ಕೆ ಅಳುವುದು? ಮಣಿಪಾಲಕ್ಕೆ ಕರಕೊಂಡು ಹೋಗಿ," ಎಂದರು.

ಆಸ್ಪತ್ರೆಯ ಇ.ಎನ್.ಟಿ. ಡಾಕ್ಟರು ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಹನಿಗಳನ್ನು ಟೆಸ್ಟ್ ಟ್ಯೂಬಿನಲ್ಲಿ ಹಿಡಿದು ಲ್ಯಾಬಿಗೆ ಕಳಿಸಿದರು. ಬಂದ ರಿಪೋರ್ಟನ್ನು ಓದಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಇದು ಮೂಗಿನ ನೀರಲ್ಲ. ಮೆದುಳಿನ ಸುತ್ತ ಇರುವ ನೀರು."

ಮೂಗಿನ ಚಾವಣಿಯೇ ಮೆದುಳಿನ ನೆಲ, ನಡುವಿನ ಮೂಳೆ ಕಾಗದದಷ್ಟು ತೆಳ್ಳಗೆ, ಅದು ಬಿರುಕು ಬಿಟ್ಟಿದೆ ಎಂದು ವಿವರಿಸಿದರು. ನೀರು ಇಳಿಯುವ ದಾರಿಯಲ್ಲೇ ಸೋಂಕು ಮೇಲೆ ಹತ್ತಬಹುದು. ಮೆನಿಂಜೈಟಿಸ್ ಆದರೆ ಜೀವಕ್ಕೇ ಅಪಾಯ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಅಳಲಿಲ್ಲ. ಮನೆಯಲ್ಲಿ ನನ್ನ ಪಾಲಿನ ಅಳು ಆಗಲೇ ಮುಗಿದಿತ್ತಲ್ಲ.

ಕೆಲವು ದಿನ ಮಲಗಿಸಿ ನೋಡಿದರು. ಸೋರಿಕೆ ತಾನಾಗಿ ನಿಲ್ಲಲಿಲ್ಲ.

ಮುಚ್ಚಲು ದಾರಿ ಎರಡು. ನ್ಯೂರೋಸರ್ಜನ್ ತಮ್ಮದನ್ನು ನೇರವಾಗಿ ಹೇಳಿದರು. ತಲೆಬುರುಡೆ ತೆರೆದು, ಮೆದುಳನ್ನು ಮೆಲ್ಲಗೆ ಎತ್ತಿ, ಮೇಲಿನಿಂದ ಮುಚ್ಚುವುದು. ಬಹಳ ಕಾಲದಿಂದ ಮಾಡುತ್ತಿರುವ ಕೆಲಸ, ಕೈಗೆ ಗೊತ್ತುಂಟು. ಆದರೆ ವಾಸನೆಯ ನರಗಳು ಅಲ್ಲೇ ಇರುವುದರಿಂದ ವಾಸನೆ ಹೋಗಬಹುದು. ಇ.ಎನ್.ಟಿ. ಡಾಕ್ಟರು ಹೇಳಿದ್ದು ಇನ್ನೊಂದು. ಪೆನ್ಸಿಲಿಗಿಂತ ತೆಳ್ಳಗಿನ ಎಂಡೋಸ್ಕೋಪ್ ಎಂಬ ದುರ್ಬೀನು. ಅದನ್ನು ಮೂಗಿನೊಳಗೆ ತೂರಿಸಿ, ತೊಡೆಯಿಂದ ತೆಗೆದ ಪೊರೆಯ ತುಂಡಿನಿಂದ ಕೆಳಗಿನಿಂದಲೇ ಮುಚ್ಚುವುದು. ಹೊರಗೆ ತಲೆಯಲ್ಲಿ ಗಾಯವಿಲ್ಲ. ಆದರೆ ಹೊಸದು.

"ಕಲಿಯಲಿಕ್ಕೆ ನಮ್ಮ ಹುಡುಗಿಯೇ ಬೇಕಾ?" ಎಂದು ಬಾಪ್ಪು ಡಾಕ್ಟರರ ಎದುರಿಗೇ ಕೇಳಿದರು.

ಡಾಕ್ಟರು ಸಿಟ್ಟಾಗಲಿಲ್ಲ. ನಾನು ಕೇಳಿದೆ: "ನೀವು ಹೀಗೆ ಎಷ್ಟು ಮಂದಿಗೆ ಮಾಡಿದ್ದೀರಿ?"

"ಇಬ್ಬರಿಗೆ."

"ಇಬ್ಬರದೂ ನಿಂತಿತೇ?"

"ಒಂದು ನಿಂತಿತು. ಇನ್ನೊಂದು ಮತ್ತೆ ಸೋರಿತು. ಎರಡನೆಯ ಸಲ ಮಾಡಬೇಕಾಯಿತು."

"ನನ್ನದು ನಿಲ್ಲದಿದ್ದರೆ ಆಮೇಲೆ ತಲೆಯ ಆಪರೇಷನ್ ಮಾಡಬಹುದೇ?"

"ಧಾರಾಳವಾಗಿ."

ಸುಳ್ಳು ಹೇಳುವುದು ಅವರಿಗೆ ಸುಲಭವಿತ್ತು. ಹೇಳಲಿಲ್ಲ. ನನ್ನ ಲೆಕ್ಕಾಚಾರ ಇಷ್ಟೇ: ಮೂಗಿನ ದಾರಿ ಸೋತರೆ ತಲೆಯ ದಾರಿ ಉಳಿದಿರುತ್ತದೆ. ತಲೆಯನ್ನು ಮೊದಲು ತೆರೆದು ವಾಸನೆ ಕಳೆದುಕೊಂಡರೆ ಅದು ಹಿಂದೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಯಾವ ಬಾಟಲಿಯ ಬಿರಡೆ ಸಡಿಲವಾಗಿದೆ ಎಂದು ನನಗೆ ಕಣ್ಣಿಗಿಂತ ಮೊದಲು ತಿಳಿಸುವುದು ಮೂಗು. ಅದಿಲ್ಲದೆ ವಿದ್ಯಾರ್ಥಿಗಳ ನಡುವೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಮನೆಯವರೆದುರು ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಬಾಪ್ಪು ಅಪ್ಪನ ಮುಖ ನೋಡಿದರು. "ಅವಳ ಪ್ರಶ್ನೆ ನನಗಾಗಲಿ ನಿನಗಾಗಲಿ ಹೊಳೆಯಲಿಲ್ಲ ಮಾರಾಯ," ಎಂದರು ಅಪ್ಪ. "ಅವಳೇ ಹೇಳಲಿ."

ನಾನು ಮೂಗಿನ ದಾರಿ ಎಂದೆ.

ಆಪರೇಷನ್ ನನಗೆ ತಿಳಿಯದು. ಎಚ್ಚರವಾದಾಗ ಮೂಗಿನ ತುಂಬ ತುರುಕಿದ ಬಟ್ಟೆಯ ಪ್ಯಾಕ್, ತೊಡೆಯಲ್ಲಿ ಉರಿ, ತಲೆಯ ಕೆಳಗೆ ಎತ್ತರದ ದಿಂಬು. ಬಗ್ಗಬಾರದು. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಬಿಡಬೇಕು. ಪ್ಯಾಕ್ ತೆಗೆದಾಗ ಮೊದಲು ಬಂದದ್ದು ಸ್ಪಿರಿಟ್ಟಿನ ವಾಸನೆ. ಅಷ್ಟು ಒಳ್ಳೆಯ ವಾಸನೆ ಬೇರೆ ಇಲ್ಲ ಎನಿಸಿತು.

ಮನೆಗೆ ಬಂದರೆ ಅಜ್ಜಿಯ ಆಡಳಿತ. ನನಗೆ ಸೀನು ಬರಬಾರದೆಂದು ಮೆಣಸು ಹುರಿಯುವುದನ್ನೇ ನಿಲ್ಲಿಸಿಬಿಟ್ಟರು. ಮೀನಿನ ಸಾರು ಬಿಳಿಚಿಕೊಂಡಿತು. "ಇವಳ ಮೂಗಿಗಾಗಿ ನಮ್ಮ ನಾಲಿಗೆ ಹೋಯಿತು," ಎಂದು ಗೊಣಗುತ್ತಲೇ ಬಾಪ್ಪು ಉಂಡರು. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ, "ತಲೆ ಮುಟ್ಟದೆ ಮಾಡಿಸಿದ್ದು, ನಮ್ಮ ಹುಡುಗಿಯೇ ತೀರ್ಮಾನ ಮಾಡಿದ್ದು," ಎಂದು ಎಲ್ಲರಿಗೂ ಹೇಳುತ್ತಿದ್ದರಂತೆ. ನನಗೆ ಸಂಕೋಚವಾಯಿತು. ಸಂತೋಷವೂ ಆಯಿತು.

ಮೊನ್ನೆ ತಪಾಸಣೆಗೆ ಹೋದೆ. ಡಾಕ್ಟರು ದುರ್ಬೀನು ಹಾಕಿ ನೋಡಿ, "ಚೆನ್ನಾಗಿ ಕೂಡಿಕೊಂಡಿದೆ. ಇನ್ನು ಬಗ್ಗಬಹುದು," ಎಂದರು. ಮುಂದೆಂದೂ ಸೋರುವುದಿಲ್ಲವೆಂಬ ಭರವಸೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಸ್ವಲ್ಪ ಹಿಂಜರಿದು, "ನಾಳೆ ಬೆಳಿಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ನಿಮ್ಮ ಕೇಸ್ ತೋರಿಸಬೇಕೆಂದುಂಟು. ನೀವು ಸುಮ್ಮನೆ ಕೂತರೆ ಸಾಕು, ಮಾತಾಡುವುದು ನಾವೇ. ಬೇಡವಾದರೆ ಬೇಡ," ಎಂದರು.

"ಕೇಸ್ ಆಗಿ ಕೂರಲು ಮನಸ್ಸಿಲ್ಲ," ಎಂದೆ. "ಕಪ್ಪುಹಲಗೆ ಉಂಟಾ?"

"ಉಂಟು."

"ಹಾಗಾದರೆ ನಾನೇ ಹೇಳುತ್ತೇನೆ."

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಮಣಿಪಾಲಕ್ಕೆ ಹೋದೆ. ಹಲಗೆಯ ಮೇಲೆ ಮೂಗಿನ ಚಾವಣಿ ಬರೆದೆ, ಅದರಲ್ಲಿ ಬಿರುಕು ಬರೆದೆ. ಎರಡು ದಾರಿಗಳಿಗೂ ಬಾಣದ ಗುರುತು ಹಾಕುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಕತ್ತು ಚಾಚಿ ನನ್ನ ಮೂಗನ್ನೇ ನೋಡಿದರು. ಡಾಕ್ಟರೂ ನೋಡಿದರು. ನಾನು ಅವಸರವಿಲ್ಲದೆ ಪೂರ್ತಿ ಬಗ್ಗಿ, ಸೀಮೆಸುಣ್ಣ ಹೆಕ್ಕಿಕೊಂಡೆ. ನೆಲ ಒಣಗಿಯೇ ಇತ್ತು. ಎದ್ದು ನಿಂತು ಎರಡನೆಯ ಬಾಣವನ್ನು ಪೂರ್ತಿ ಮಾಡಿದೆ.