ಅಜ್ಜಾರು ಕರೆದರೆ ಓ ಅನ್ನಬಾರದು

ಸಿರುಗುಪ್ಪದ ನನ್ನ ತವರುಮನೆಯ ಒಳಕೋಣೆಯಲ್ಲಿ ಒಂದು ಡೋಲು ತೂಗುಹಾಕಿದೆ. ಒಂದೇ ಮರದ ಬೊಡ್ಡೆಯನ್ನು ಕೊರೆದು ಮಾಡಿದ್ದು, ಒಂದು ಬಾಯಿಗಷ್ಟೇ ಚರ್ಮ, ಮುಖ ಗೋಡೆಯ ಕಡೆಗೆ. ನಾವು ಅದನ್ನು ಡೋಲು ಅನ್ನುವುದಿಲ್ಲ, ಅಜ್ಜಾರು ಅನ್ನುತ್ತೇವೆ. ಪ್ರತಿ ಗುರುವಾರ ಹೊತ್ತು ಮುಳುಗುವಾಗ ನನ್ನ ಅಮ್ಮ ಅದನ್ನು ಇಳಿಸಿ, ಕೆಂಡದ ಮೇಲೆ ಲೋಬಾನ ಉದುರಿಸಿ, ಚರ್ಮವನ್ನು ಆ ಬಿಸಿಹೊಗೆಗೆ ಹಿಡಿಯುತ್ತಾಳೆ. ಆಮೇಲೆ ಮತ್ತೆ ತೂಗುಹಾಕುತ್ತಾಳೆ. ಬಾರಿಸುವಂತಿಲ್ಲ. ಬೆರಳು ತಾಗಿಸುವಂತೆಯೂ ಇಲ್ಲ.

ಸ್ವಲ್ಪ ಹೊತ್ತಿಗೆ ಅದು ತಾನೇ ಸದ್ದು ಮಾಡುತ್ತದೆ. ಒಂದೇ ಸಲ, ಗೋಡೆಯ ಆಚೆಯಿಂದ ಯಾರೋ ಅಂಗೈ ಬಡಿದಂತೆ. ಆಗ ಹೊಗೆ ಆರುವ ತನಕ ಮನೆಯಲ್ಲಿ ಯಾರೂ ತುಟಿ ಬಿಚ್ಚಬಾರದು. ಅಜ್ಜಾರು ಯಾರನ್ನೋ ಕರೆಯುತ್ತಿದ್ದಾರೆ. ಅಪ್ಪಿತಪ್ಪಿ ಓ ಅಂದವರು ಅವರ ಹಿಂದೆಯೇ ಹೋಗುತ್ತಾರೆ. ಅಮ್ಮನ ತಂಗಿಯೊಬ್ಬಳು ಚಿಕ್ಕವಳಿದ್ದಾಗ ಓ ಅಂದಳಂತೆ, ಆ ವಾರವೇ ಜ್ವರ ಬಂದು ಹೋದಳಂತೆ. ನಾನು ಬಳ್ಳಾರಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು. ಕಾದ ಚರ್ಮ ಆರುವಾಗ ಸದ್ದು ಮಾಡುತ್ತದೆ ಅಂತ ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಆ ಸದ್ದು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಓದಿದ್ದೆಲ್ಲ ದಂಡ.

ಈ ವರ್ಷ ನನ್ನ ಮಗಳು ಕಾಲೇಜು ಬಿಟ್ಟು ಮನೆಯಲ್ಲಿ ಕೂತಳು. ಪಿಯುಸಿ ಓದುವ ಹುಡುಗಿ. ಅವಳದು ಬಾಚಣಿಕೆಯ ಹಲ್ಲು ಮುರಿಯುವಂಥ ಗುಂಗುರು ಕೂದಲು, ಕಡುಗಪ್ಪು ಬಣ್ಣ. ಕ್ಲಾಸಿನವರು ಆಫ್ರಿಕಾ ಅಂತ ಹೆಸರಿಟ್ಟರು. ಯಾರೋ ಪುಣ್ಯಾತ್ಮರು ಅವಳ ಫೋಟೋಗೆ ತಲೆಯ ಮೇಲೆ ಗುಬ್ಬಿಗೂಡು ಅಂಟಿಸಿ ಗ್ರೂಪಿಗೆ ಹಾಕಿದರು. ಗಾಂಧಿನಗರದ ಒಂದು ಪಾರ್ಲರಿಗೆ ಹೋಗಿ ಕೂದಲು ನೆಟ್ಟಗೆ ಮಾಡಿಸಿಕೊಂಡು ಬಂದಳು. ನೆತ್ತಿ ಸುಟ್ಟು ಬೊಬ್ಬೆ ಎದ್ದವು, ಕೂದಲು ಮೊದಲಿನಂತೆಯೇ ಸುರುಳಿ ಸುತ್ತಿಕೊಂಡಿತು. ಆಮೇಲೆ ಕನ್ನಡಿಗೆ ಬಟ್ಟೆ ಹೊದಿಸಿದಳು. ಊಟ ಬಿಟ್ಟಳು. ಒಂದು ಸಂಜೆ ನಾನು ಎಷ್ಟು ಕರೆದರೂ ರೂಮಿನಿಂದ ಉತ್ತರವಿಲ್ಲ. ಕದ ನೂಕಿದರೆ, ದೀಪ ಹಾಕದೆ, ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತಿದ್ದಳು. ಅಲ್ಲಿ ಕೂತಿದ್ದು ನನ್ನ ಮಗಳೇ ಹೌದೋ ಅಲ್ಲವೋ ಅನ್ನುವಂತೆ ಇತ್ತು ಆ ನೋಟ. ಈ ಹುಡುಗಿ ನನ್ನ ಕೈತಪ್ಪಿ ಹೋಗುತ್ತಾಳೆ ಅನ್ನಿಸಿತು. ಮರುದಿನವೇ ಅಮ್ಮನ ಹತ್ತಿರ ಕರೆದುಕೊಂಡು ಹೊರಟೆ.

ನೇರ ಬಸ್ಸು ಸಿಗದೆ ಕುರುಗೋಡಿನ ಮೇಲೆ ಸುತ್ತಿಕೊಂಡು ಹೋದೆವು. ಕುರುಗೋಡಿನಲ್ಲಿ ಹತ್ತಿದ ಹೆಂಗಸೊಬ್ಬಳು ಮಗಳನ್ನು ದಿಟ್ಟಿಸಿ ನೋಡಿ, ಇವಳು ಯಾವ ದೇಶದವಳು ಅಂತ ನನ್ನನ್ನು ತೆಲುಗಿನಲ್ಲಿ ಕೇಳಿದಳು. ಸಿರುಗುಪ್ಪದವಳು ಅಂದೆ, ಇಡೀ ಬಸ್ಸಿಗೆ ಕೇಳುವಂತೆ. ಮಗಳು ದುಪಟ್ಟಾವನ್ನು ಹುಬ್ಬಿನ ತನಕ ಎಳೆದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು.

"ಅಮ್ಮೀ, ನಾವು ಖರೇನ ಎಲ್ಲಿಂದ ಬಂದೀವಿ?"

ಕ್ಲಾಸಿನಲ್ಲಿ ಹೇಳುವುದನ್ನೇ ಹೇಳಿದೆ. ಆಫ್ರಿಕಾದ ಅಬಿಸೀನಿಯಾ ಕಡೆಯಿಂದ ಮನುಷ್ಯರನ್ನು ಹಡಗಿನಲ್ಲಿ ತಂದು ದಖನ್ನಿನ ಸುಲ್ತಾನರಿಗೆ ಮಾರುತ್ತಿದ್ದರು. ಅವರಿಗೆ ಹಬ್ಶಿಗಳು ಅನ್ನುತ್ತಿದ್ದರು. ಹಾಗೆ ಬಂದವರಲ್ಲಿ ಕೆಲವರು ಸೈನಿಕರಾದರು, ಸರದಾರರಾದರು, ಕೋಟೆಗಳನ್ನೇ ಆಳಿದರು. ಸಿರುಗುಪ್ಪದಿಂದ ಆಚೆ ಅದೋನಿಯ ಕೋಟೆಯಲ್ಲೂ ಒಬ್ಬ ಹಬ್ಶಿ ಕೂತು ಆಳಿದ್ದ. ಅಂಥವರ ಹೆಸರು ಪುಸ್ತಕದಲ್ಲಿದೆ, ಅವರ ಕುದುರೆ ಕಾಯ್ದವರದು, ಡೋಲು ಹೊತ್ತವರದು ಇಲ್ಲ. ಅಮ್ಮನ ಹಿರೀಕರು ಅದೋನಿ ಕಡೆಯಿಂದಲೇ ಬಂದವರು. ಮಗಳು ಸಿರುಗುಪ್ಪ ಬರುವ ತನಕ ಫೋನಿನೊಳಗೆ ಏನನ್ನೋ ಹುಡುಕುತ್ತಲೇ ಇದ್ದಳು.

ಬೀದಿಯ ತಿರುವಿನಲ್ಲೇ ಅಮ್ಮ ರೊಟ್ಟಿ ಬಡಿಯುವುದು ಕೇಳಿಸಿತು. ನಮ್ಮ ಮನೆಯ ರೊಟ್ಟಿಯ ಸದ್ದು ಬೇರೆ ಮನೆಗಳದರಂತೆ ಅಲ್ಲ. ಎರಡು ಬೇಗ ಬೇಗ, ಆಮೇಲೆ ಒಂದು ತಡೆದು, ಮತ್ತೆ ಎರಡು. ಆ ತಡೆದ ಏಟು ಬೀಳುತ್ತದೋ ಇಲ್ಲವೋ ಅಂತ ಕೇಳುವವರ ಉಸಿರು ನಿಲ್ಲಬೇಕು, ಹಾಗೆ. ಸಣ್ಣವಳಿದ್ದಾಗಿನಿಂದ ಮಗಳೂ ಅಜ್ಜಿಯ ಪಕ್ಕ ಕೂತು ಹಾಗೇ ಬಡಿಯುತ್ತಾಳೆ. ನನಗೆ ಮಾತ್ರ ಅದು ಬರಲೇ ಇಲ್ಲ, ನನ್ನ ರೊಟ್ಟಿ ಹರಿಯುತ್ತದೆ.

ಊಟವಾದ ಮೇಲೆ ಅಮ್ಮ ಎಣ್ಣೆಯ ಬಟ್ಟಲು ಹಿಡಿದು ಮೊಮ್ಮಗಳ ತಲೆಗೆ ಕೂತಳು. ಈ ಹಬ್ಶಿ ಕೂದಲು ನಿನಗೆ ಎಲ್ಲಿಂದ ಬಂತವ್ವಾ ಅಂತ ಯಾವಾಗಿನ ಹಾಗೆ ಬೈಯುತ್ತ ಎಳೆದೆಳೆದು ಬಾಚತೊಡಗಿದಳು. ಅಮ್ಮನ ತಲೆಯ ಮೇಲಿನ ಸೆರಗು ಮಾತ್ರ ಎಂದೂ ಜಾರಿದ್ದಿಲ್ಲ. ಬಾಗಿಲು ಹಾಕಿಕೊಂಡು ತಲೆ ಬಾಚಿಕೊಳ್ಳುವವಳು ಅವಳು. ಹೆತ್ತ ಮಗಳು ನಾನು, ನಾನೂ ಅವಳ ಕೂದಲು ಕಂಡಿರಲಿಲ್ಲ.

"ನಾನಿ, ಹಬ್ಶಿ ಅಂದ್ರ ಬೈಗುಳ ಅಲ್ಲ. ಒಂದು ದೇಶದ ಮಂದಿ," ಅಂದಳು ಮಗಳು. ಅಮ್ಮನ ಕೈ ನಿಂತಿತು. ಆಮೇಲೆ ಇನ್ನೂ ಬಿಗಿಯಾಗಿ ಜಡೆ ಹೆಣೆದಳು.

ಅವತ್ತು ಗುರುವಾರ. ಸಂಜೆ ಅಮ್ಮ ಕೆಂಡ ತಂದಳು, ಅಜ್ಜಾರನ್ನು ಕಾಸಿ ತೂಗುಹಾಕಿದಳು. ಮಗಳು ಒಳಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಆಗಲೇ ಸದ್ದು ಬಂತು. ಒಂದಲ್ಲ, ಎರಡು ಸಲ. ಅಮ್ಮ ಕೈಸನ್ನೆಯಿಂದಲೇ ಮೊಮ್ಮಗಳಿಗೆ ಹಿಂದೆ ಸರಿ ಅಂದಳು.

ಮಗಳು ಮಾತಾಡದೆ ಫೋನನ್ನು ನನ್ನ ಕಣ್ಣಮುಂದೆ ಹಿಡಿದಳು. ಅದರಲ್ಲೊಂದು ವಿಡಿಯೊ, ನಮ್ಮದೇ ರಾಜ್ಯದ ಹಳಿಯಾಳದ ಕಡೆಯ ಸಿದ್ದಿಗಳದು. ಅವರ ಹಿರೀಕರೂ ಆಫ್ರಿಕಾದಿಂದ ಬಂದವರೇ. ಅವಳದೇ ಕೂದಲು, ಅವಳದೇ ಹಣೆ. ಬೆಂಕಿಯ ಸುತ್ತ ಕೂತು ಡೋಲಿನ ಚರ್ಮ ಕಾಸುತ್ತಿದ್ದರು. ಕಾದು ಬಿಗಿಯಾದ ಕೂಡಲೇ ಹೆಂಗಸರು ಎದ್ದರು, ಡೋಲು ಶುರುವಾಯಿತು. ನಾನು ಕೆಂಡದ ಕಡೆ ನೋಡಿದೆ. ಯಾ ಅಲ್ಲಾ! ನಾವು ವಾರವಾರವೂ ಬಾರಿಸುವುದಕ್ಕೆ ಅಣಿ ಮಾಡಿ, ಬಾರಿಸದೆ ಗೋಡೆಗೆ ಮುಖ ತಿರುಗಿಸಿ ಬಿಡುತ್ತಿದ್ದೆವು. ಕಾಸುವುದು ನೆನಪಿತ್ತು, ಯಾಕೆ ಅನ್ನುವುದು ಮರೆತಿತ್ತು.

ಮಗಳು ಒಳಗೆ ಹೋಗಿ ಅಜ್ಜಾರನ್ನು ಇಳಿಸಿದಳು. ಹೊಗೆ ಇನ್ನೂ ಆರಿರಲಿಲ್ಲ, ಅಮ್ಮ ಕೂಗುವಂತಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ನಿಂತಳು. ನಾನಾದರೂ ತಡೆಯಬೇಕಿತ್ತು, ತಡೆಯಲಿಲ್ಲ. ಹುಡುಗಿ ಡೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡಳು. ಏನು ಬಾರಿಸಬೇಕೋ ಅವಳಿಗೂ ತಿಳಿಯದು, ಕೈಗಳು ಗಾಳಿಯಲ್ಲೇ ನಿಂತಿದ್ದವು. ಆಮೇಲೆ ಬಿದ್ದವು.

ಎರಡು ಬೇಗ ಬೇಗ. ಒಂದು ತಡೆದು. ಮತ್ತೆ ಎರಡು.

ರೊಟ್ಟಿಯದೇ ಬಡಿತ. ಆದರೆ ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಸಣ್ಣದಾಗಿ ಕೇಳುತ್ತಿದ್ದದ್ದು ಇಲ್ಲಿ ನೆಲದೊಳಗಿಂದ ಎದ್ದು ಬಂತು. ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಬಹಳ ಮಂದಿ ನಿಂತಿದ್ದಾರೆ ಅನ್ನಿಸಿ ನಾನು ಹಿಂದೆ ತಿರುಗಿ ನೋಡಿದೆ.

ಅವಳು ನಿಲ್ಲಿಸಿದಾಗ ಹೊಗೆ ಆರಿತ್ತು.

"ನಮ್ಮವ್ವ ಹಿಂಗ ರೊಟ್ಟಿ ಬಡಿತಿದ್ಲು. ಅವರವ್ವನೂ," ಅಂದಳು ಅಮ್ಮ. "ಲೇ ಕೂಸ, ನೀ ಓ ಅಂದ್ಯೇನ?"

"ಅಷ್ಟು ದಿನದಿಂದ ಕರಿಯಾಕತ್ತಾರ. ಯಾರರ ಓ ಅನ್ನಬೇಕಲ್ಲ, ನಾನಿ."

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಸೆರಗು ಹೆಗಲಿಗೆ ಜಾರಿತ್ತು, ಎಳೆದುಕೊಳ್ಳಲಿಲ್ಲ. ಬೆಳ್ಳಗಿನ, ಸುರುಳಿ ಸುರುಳಿ, ನನ್ನ ಮಗಳದೇ ಕೂದಲು.

ಆ ರಾತ್ರಿ ನಾನು ಎದ್ದೆದ್ದು ಮಗಳ ಹಣೆ ಮುಟ್ಟಿ ನೋಡಿದೆ. ಜ್ವರ ಬರಲಿಲ್ಲ. ಸೋಮವಾರ ಅವಳು ಕೂದಲು ಬಿಟ್ಟುಕೊಂಡೇ ಕಾಲೇಜಿಗೆ ಹೋದಳು. ಯಾರು ಏನಂದರೋ ನನಗೆ ಹೇಳಲಿಲ್ಲ, ಸಂಜೆ ಬಂದು ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಗುರುವಾರ ಹೊತ್ತು ಮುಳುಗುವಾಗ ಅಮ್ಮನ ಫೋನ್ ಬಂತು. "ಕೆಂಡ ಹಾಕೀನಿ, ಕಾಸೀನಿ. ಅಜ್ಜಾರದು ಸದ್ದ ಬರವಲ್ದು," ಅಂದಳು. "ಕೂಸು ಯಾವಾಗ ಬರ್ತೈತಿ?"