ಬೊಗಳದ ನಾಯಿಗೆ ಏಳು ದಿನದ ಪರೀಕ್ಷೆ

‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕವನ್ನು ಗೇಟಿಗೆ ತೂಗುಹಾಕುವವರು ಮುಖ್ಯ ವಿಷಯವನ್ನೇ ಮುಚ್ಚಿಡುತ್ತಾರೆ ಎಂಬುದು ನನ್ನ ಬಹುದಿನದ ಆಕ್ಷೇಪ. ನಾಯಿ ಇದೆ, ಸರಿ. ಎಚ್ಚರಿಕೆ ಯಾವುದರ ಬಗ್ಗೆ? ಕಚ್ಚುವುದರ ಬಗ್ಗೆಯೋ, ಬೊಗಳುವುದರ ಬಗ್ಗೆಯೋ, ಬಂದವರ ಪಂಚೆಯನ್ನು ಅತಿಪ್ರೀತಿಯಿಂದ ಒದ್ದೆ ಮಾಡುವುದರ ಬಗ್ಗೆಯೋ? ಟಿ. ದಾಸರಹಳ್ಳಿಯ ಗಲ್ಲಿಗಳಲ್ಲಿ ಸಂಜೆ ಐದೂವರೆಯಿಂದ ಆರೂಕಾಲರವರೆಗೆ ನಡೆಯುವಾಗ ಇಂಥ ಹತ್ತಾರು ಫಲಕಗಳನ್ನು ಓದಿದ್ದೇನೆ. ಕೆಲವು ಮನೆಗಳಲ್ಲಿ ನಾಯಿ ಸ್ವರ್ಗಸ್ಥವಾಗಿ ವರ್ಷಗಳು ಕಳೆದಿದ್ದರೂ ಫಲಕ ಮಾತ್ರ ನಿಷ್ಠೆಯಿಂದ ಕರ್ತವ್ಯದಲ್ಲಿರುತ್ತದೆ. ಪೀಣ್ಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದ ನನಗೆ, ಹೊರಗಿನ ಚೀಟಿಗೂ ಒಳಗಿನ ವಸ್ತುವಿಗೂ ತಾಳೆಯಾಗದಿದ್ದರೆ ಈಗಲೂ ಅಂಗೈ ಕೆರೆಯುತ್ತದೆ.

ನಿವೃತ್ತನಾದ ಮರುತಿಂಗಳೇ ನಾನು ಹನುಮಂತರಾಯಪ್ಪನವರ ಕಟ್ಟಡದಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅವರು ಮೂರು ಮಹಡಿ ಎಬ್ಬಿಸಿ ವಿದ್ಯಾರ್ಥಿಗಳನ್ನು ಬೆಳೆಯುತ್ತಿದ್ದರು. ಮೊದಲ ಮಹಡಿಯಲ್ಲಿ ಅವರ ಸಂಸಾರ, ಅದರ ಮೇಲೆ ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗಿನ ಇಪ್ಪತ್ತನಾಲ್ಕು ಹುಡುಗರು, ಕೆಳಗೆ ಗೇಟಿನ ಪಕ್ಕದ ಕೋಣೆಯಲ್ಲಿ ನಾನು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಇನ್ನೂ ತಲೆಯಿಲ್ಲದೆ ನಿಂತಿದ್ದ ಕಾಲ ಅದು. ಕಟ್ಟಡದ ಬೆನ್ನಿಗೆ ಅಂಟಿಕೊಂಡಂತೆ ಒಂದು ಪ್ರೆಸ್ ಶಾಪ್. ಅಲ್ಲಿ ತಗಡಿನ ತುಂಡುಗಳನ್ನು ಒತ್ತುವ ಯಂತ್ರ ಮೂರು ಪಾಳಿಯಲ್ಲೂ ಧಬ್ ಧಬ್ ಎನ್ನುತ್ತಿತ್ತು. ಹೊಸದಾಗಿ ಬಂದ ಹುಡುಗರು ಎರಡು ದಿನ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೂರನೆಯ ದಿನದಿಂದ ಅದು ಅವರ ಪಾಲಿಗೆ ಎದೆಬಡಿತದಷ್ಟೇ ಸಹಜ. ವಾರಕ್ಕೊಮ್ಮೆ, ಭಾನುವಾರ, ಅದು ನಿಂತಾಗಲೇ ಎಲ್ಲರಿಗೂ ಏನೋ ಕಳೆದುಕೊಂಡ ಗಾಬರಿ.

ನಾನು ಸೇರಿದ ದಿನವೇ ಶಿಸ್ತನ್ನು ಸ್ಥಾಪಿಸಿದೆ. ಕಾರ್ಖಾನೆಯಲ್ಲಿ ಅಗ್ನಿಶಾಮಕ ಕವಾಯತಿಗೆ ಕೊಟ್ಟಿದ್ದ ಉಕ್ಕಿನ ಸೀಟಿಯೊಂದು ನನ್ನ ಜೊತೆಗೇ ನಿವೃತ್ತವಾಗಿತ್ತು. ಬೆಳಿಗ್ಗೆ ಐದೂವರೆಗೆ ಗೇಟಿನ ಬಳಿ ನಿಂತು ಅದನ್ನು ಮೂರು ಸಲ ಊದುವುದು, ಹುಡುಗರು ಏಳುವುದು. ಭಾನುವಾರವೂ ವಿನಾಯಿತಿಯಿಲ್ಲ, ಸೂರ್ಯನಿಗೇ ಇಲ್ಲದ ರಜೆ ಮೂರನೆಯ ಸೆಮಿಸ್ಟರಿನವರಿಗೇಕೆ ಎಂಬುದು ನನ್ನ ವಾದ. ಎಂಟು ವರ್ಷ ಈ ವ್ಯವಸ್ಥೆಗೆ ಒಬ್ಬರೂ ತಕರಾರು ಎತ್ತಲಿಲ್ಲ. ತಕರಾರಿಲ್ಲವೆಂದರೆ ಮೆಚ್ಚುಗೆ ಇದೆ ಎಂದು ತಿಳಿಯುವುದು ಮೇಲ್ವಿಚಾರಕರ ಜಾತಿಗೇ ಅಂಟಿದ ಕಾಯಿಲೆ.

ಹೀಗಿರುವಾಗ ಮೆಟ್ಟಿಲ ಮೇಲೆ ಬಿಟ್ಟ ಬೂಟುಗಳು ಮಾಯವಾಗತೊಡಗಿದವು. ಜೋಡಿಯಾಗಿ ಹೋದರೆ ಕಳ್ಳನ ಕೆಲಸವೆನ್ನಬಹುದು. ಒಂಟಿಯಾಗಿಯೂ ಹೋಗುತ್ತಿದ್ದವು, ಇದು ತತ್ತ್ವಜ್ಞಾನಿಯೊಬ್ಬನ ಕೆಲಸವಿರಬೇಕೆಂದು ನಾನು ಊಹಿಸಿದೆ. ಎರಡನೆಯ ಮಹಡಿಯ ಹುಡುಗರು ನಿಯೋಗವಾಗಿ ಬಂದರು: ಒಂದು ನಾಯಿ ಸಾಕೋಣ. ಮುಂದಾಳು ಮುಧೋಳದ ಕಡೆಯ ಈರಣ್ಣ, ಡಿಪ್ಲೊಮಾ ಕೊನೆಯ ವರ್ಷ. ಹಿಂದೆ ಅವನ ಕೋಣೆಯ ಸಂಗಾತಿ ಕಾರ್ತಿಕ್. ನಾನು ಅರ್ಜಿಯನ್ನು ಮೇಲಕ್ಕೆ ರವಾನಿಸಿದೆ, ಅಂದರೆ ಮೊದಲ ಮಹಡಿಗೆ.

“ನಾಯಿ ಇಕ್ಕಳ್ಳಿ ಸ್ವಾಮಿ, ಬ್ಯಾಡ ಅನ್ನಲ್ಲ,” ಅಂದರು ಹನುಮಂತರಾಯಪ್ಪ. “ಆದ್ರೆ ಸದ್ದು ಮಾಡಂಗಿಲ್ಲ. ನಮ್ಮವ್ವಂಗೆ ಎಂಬತ್ ವರ್ಸ. ಒಂದ್ ವಾರ ನೋಡಾನ. ಒಂದ್ ಸಲ ಸದ್ದು ಬಂತೋ, ನಾಯೀನೂ ಓಗ್ಬೇಕು, ತಂದೋನೂ ಓಗ್ಬೇಕು.”

ಕಳ್ಳನನ್ನು ಹಿಡಿಯಬೇಕು, ಆದರೆ ಬೊಗಳಬಾರದು. ಇಂಥ ಷರತ್ತಿನ ಆರ್ಡರು ಕಾರ್ಖಾನೆಗೆ ಬಂದಿದ್ದರೆ ಗಿರಾಕಿಯನ್ನು ಕೂರಿಸಿ ನೀರು ಕೊಟ್ಟು ಕಳಿಸುತ್ತಿದ್ದೆವು. ಹುಡುಗರು ಮಾತ್ರ ಸೈಬರ್ ಸೆಂಟರಿಗೆ ಹೋಗಿ ಮೌನಿ ತಳಿಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ಬಂದರು. ನಾನು ಕನ್ನಡಕ ಏರಿಸಿ, ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ಬುಲ್‌ಡಾಗ್ ಬೊಗಳುವುದು ಕಡಿಮೆ, ಗೊರಕೆ ಅಪಾರ ಎಂದಿತ್ತು. ಗೊರಕೆಯ ವಿಭಾಗದಲ್ಲಿ ನಮ್ಮಲ್ಲಿ ಹುದ್ದೆ ಖಾಲಿಯಿರಲಿಲ್ಲ. ಇನ್ನೊಂದು ಹಿಮಪರ್ವತದ ನಾಯಿ, ಸಾಧುಸ್ವಭಾವದ್ದು. ಅದು ಕೋಣೆಯೊಳಗೆ ಬಂದರೆ ಇಬ್ಬರು ಹುಡುಗರು ಹೊರಗೆ ಹೋಗಬೇಕಾಗುತ್ತಿತ್ತು.

“ಸಾರ್, ಇದು ನೋಡಿ, ಬಸೆಂಜಿ. ಆಫ್ರಿಕಾದ್ದು. ಬೊಗಳೋದೇ ಇಲ್ವಂತೆ,” ಅಂದ ಕಾರ್ತಿಕ್. “ಅದ್ರ ಬದ್ಲು ಹಾಡತ್ತಂತೆ.”

“ನಿಮ್ಮ ಪಕ್ಕದ ಕೋಣೆಯವನೂ ಹಾಡುತ್ತಾನಲ್ಲ, ಅವನನ್ನೇ ಕಟ್ಟಿಹಾಕಿ,” ಎಂದೆ.

ಆಗ ಈರಣ್ಣ ಬಾಯಿ ತೆರೆದ. “ಸರ, ಆಫ್ರಿಕಾ ಯಾಕ್ ಬೇಕ್ರೀ. ನಮ್ಮ ಮುಧೋಳ ನಾಯಿ ಸುಮ್ ಸುಮ್ನ ಬೊಗಳಂಗಿಲ್ಲ. ಮೊಲ ಕಂಡ್ರ ಓಡತೈತಿ, ಮಂದಿ ಕಂಡ್ರ ಮಕ್ಕೋತೈತಿ. ನಮ್ಮನ್ಯಾಗ ಒಂದೈತ್ರಿ.” ನೆಲ ನೋಡುತ್ತ ಹೇಳಿದ: “ನಾ ಇಲ್ಲಿ ಬಂದಾಗಿಂದ ರೊಟ್ಟೀನ ಮುಟ್ಟವಲ್ದಂತ್ರೀ ಅದು.”

ಬೂಟು ಬರೀ ನೆಪವೆಂದು ನನಗೆ ಆಗ ಹೊಳೆಯಿತು. ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟೆ.

ಬೆಲ್ಲದ ಲಾರಿಯಲ್ಲಿ ಬಂದಿಳಿದ ಆ ನಾಯಿಯ ಹೆಸರು ಗುಂಡ. ಇಷ್ಟು ತೆಳ್ಳಗಿನ ಜೀವಕ್ಕೆ ಆ ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು, ಇಲ್ಲವೇ ತುಂಬ ಆಸೆ. ಪಕ್ಕೆಲುಬುಗಳನ್ನು ಗೇಟಿನಿಂದಲೇ ಎಣಿಸಬಹುದಿತ್ತು. ಲಾರಿಯಿಂದ ಧುಮುಕಿ ಈರಣ್ಣನ ಎದೆಯ ಮೇಲೆ ಎರಡೂ ಕಾಲಿಟ್ಟು ನಿಂತಿತು, ಸದ್ದಿಲ್ಲ. ಅವನು ಕೊಟ್ಟ ಒಂದೂವರೆ ರೊಟ್ಟಿಯನ್ನು ತಿಂದಿತು, ಆಗಲೂ ಸದ್ದಿಲ್ಲ. ಟೆರೇಸಿನ ನೀರಿನ ಟ್ಯಾಂಕಿನ ನೆರಳಲ್ಲಿ ಅದಕ್ಕೆ ಜಾಗವಾಯಿತು.

ಸೋಮವಾರದಿಂದ ನನ್ನ ಪರೀಕ್ಷೆ ಆರಂಭ. ರೂಲು ಹಾಕಿದ ರಿಜಿಸ್ಟರಿನಲ್ಲಿ ಮೂರು ಕಾಲಮು: ಸಮಯ, ಸದ್ದು, ಕಾರಣ. ದಿನಕ್ಕೆ ಆರು ಬಾರಿ ಕಿವಿಗೊಟ್ಟು ಕೇಳಿ ದಾಖಲಿಸುವುದು. ಶನಿವಾರ ಸಂಜೆಯ ಹೊತ್ತಿಗೆ ಎರಡನೆಯ ಕಾಲಮಿನಲ್ಲಿ ಮೂವತ್ತಾರು ಸೊನ್ನೆಗಳು ಮುತ್ತು ಪೋಣಿಸಿದಂತೆ ನಿಂತಿದ್ದವು. ನನ್ನ ವೃತ್ತಿಜೀವನದಲ್ಲಿ ಇಷ್ಟು ದೋಷರಹಿತವಾದ ಮಾಲನ್ನು ನಾನು ಕಂಡಿರಲಿಲ್ಲ. ರಿಜಿಸ್ಟರನ್ನು ಹನುಮಂತರಾಯಪ್ಪನವರಿಗೆ ತೋರಿಸಿ, “ಇನ್ನೊಂದೇ ದಿನ” ಎಂದು ಬೀಗಿದೆ.

ಭಾನುವಾರ ಐದೂವರೆ. ಪ್ರೆಸ್ ಶಾಪ್ ಮಲಗಿತ್ತು. ನಾನು ಗೇಟಿನ ಬಳಿ ನೆಟ್ಟಗೆ ನಿಂತು ಸೀಟಿ ಊದಿದೆ. ಒಂದು. ಎರಡು. ಮೂರನೆಯದು ಮುಗಿಯುತ್ತಿದ್ದಂತೆ ಟೆರೇಸಿನ ಮೇಲಿಂದ ಒಂದು ದೀರ್ಘವಾದ, ಕರುಳು ಹಿಂಡುವ ಆಲಾಪ ಇಳಿದು ಬಂತು. ಅದು ಬೊಗಳುವಿಕೆಯಲ್ಲ. ಗುಂಡ ಊಳಿಡುತ್ತಿತ್ತು.

ಓದುಗರೇ, ಬೊಗಳುವುದು ಬೇರೆ, ಊಳಿಡುವುದು ಬೇರೆ. ಬೊಗಳಿದರೆ ಕಳ್ಳ ಬಂದನೆನ್ನುತ್ತಾರೆ. ಊಳಿಟ್ಟರೆ ಯಮ ಬಂದನೆನ್ನುತ್ತಾರೆ. ಹನುಮಂತರಾಯಪ್ಪ ಹೆಗಲ ಮೇಲೆ ಟವೆಲು, ಬಾಯಲ್ಲಿ ಬ್ರಷ್ಷು ಸಮೇತ ಮೆಟ್ಟಿಲಿಳಿದರು.

“ಬೊಗಳಿದ್ರೂ ಒಂದ್ ಮಾತಿತ್ತು ಸ್ವಾಮಿ. ಊಳಿಡ್ತದಲ್ಲ. ಮನೇಲಿ ವಯಸ್ಸಾದ ಮುದ್ಕಿ ಮಡೀಕಂಡು ಇದುನ್ನೆಲ್ಲಾ ಕೇಳ್ಬೇಕಾ? ಇವತ್ತೇ ಕಳಿಸ್ಬುಡಿ, ಇಬ್ರುನ್ನೂವೆ.”

ಈರಣ್ಣ ಆಗಲೇ ಗುಂಡನ ಹಗ್ಗ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಅವನ ಡಿಪ್ಲೊಮಾ ಪರೀಕ್ಷೆಗೆ ಎರಡೇ ವಾರವಿತ್ತು. “ನಾ ಹೊಕ್ಕೀನ್ರೀ ಯಜಮಾನ್ರ,” ಅಂದ. “ಇನ್ನೊಂದ್ ರೂಮ್ ಸಿಗೂತನಕ ಇದನ್ನಷ್ಟ ಇಟ್ಕೋರಿ. ಊರಿಗೆ ಕಳಿಸಿದ್ರ ಮತ್ತ ಊಟ ಬಿಡತೈತ್ರಿ.”

ನನಗೆ ನಾಯಿಗಿಂತ ರಿಜಿಸ್ಟರಿನ ಚಿಂತೆ. ಮೂವತ್ತಾರು ಸೊನ್ನೆಗಳ ನಂತರ ಏಕಾಏಕಿ ದೋಷ ಹೇಗೆ ಬಂತು? ಕಾರ್ತಿಕನನ್ನು ಗದರಿಸಿ ಕೇಳಿದೆ. ಅವನು ಬನಿಯನ್ನಿನ ಅಂಚು ತಿರುಚುತ್ತ ನಿಂತ.

“ದಿನಾ ಊಳಿಡ್ತಿತ್ತು ಸಾರ್. ನೀವು ಊದಿದ ತಕ್ಷಣ. ಪ್ರೆಸ್ ಸೌಂಡಲ್ಲಿ ಕೆಳಗಡೆ ಕೇಳಿಸ್ತಿರ್ಲಿಲ್ಲ, ಅಷ್ಟೆ.”

“ಹೇಳಲಿಕ್ಕೆ ಏನಾಗಿತ್ತು?”

“ನೀವು ಸೊನ್ನೆ ಹಾಕ್ಬಿಟ್ಟಿದ್ರಿ ಸಾರ್. ನಿಮ್ ರಿಜಿಸ್ಟರ್ ತಪ್ಪು ಅಂತ ಹೇಳೋಕಾಗತ್ತಾ?”

ಅಷ್ಟರಲ್ಲಿ ಮೊದಲ ಮಹಡಿಯ ಬಾಗಿಲಲ್ಲಿ ಹನುಮಂತರಾಯಪ್ಪನವರ ತಾಯಿ ಗಂಗಜ್ಜಿ ಗೋಡೆ ಹಿಡಿದುಕೊಂಡು ಕಾಣಿಸಿಕೊಂಡರು. ಯಮನ ಸುದ್ದಿಯಿಂದ ಅವರೇನೂ ಕಂಗೆಟ್ಟಂತಿರಲಿಲ್ಲ.

“ಏ ಅನ್ಮಂತ, ಅದು ನನ್ ನೋಡಿ ಊಳಿಟ್ಟಿದ್ದಲ್ಲ ಕಣ್ಲಾ. ಈ ಸಾಮಿ ಪೀಪಿ ಕೇಳಿ ಊಳಿಟ್ಟಿದ್ದು. ಎಂಟು ವರ್ಸದಿಂದ ನಂಗೂ ದಿನಾ ಅಂಗೇ ಊಳಿಡಾನ ಅನ್ನಿಸ್ತದೆ. ಮಾನಕ್ಕಂಜಿ ಸುಮ್ಕಿವ್ನಿ.”

ಮೆಟ್ಟಿಲ ಮೇಲೆ ಯಾರೋ ನಕ್ಕರು. ಯಾರೆಂದು ನಾನು ತಿರುಗಿ ನೋಡಲಿಲ್ಲ; ಇಪ್ಪತ್ತನಾಲ್ಕೂ ಮಂದಿ ಇದ್ದಿರಬೇಕು.

ತಪಾಸಣಾ ವಿಭಾಗಕ್ಕೆ ಸೇರಿದ ಮೊದಲ ವಾರವೇ ನಮಗೆ ಕಲಿಸಿದ ಪಾಠವೊಂದಿದೆ: ಮಾಲನ್ನು ತಿರಸ್ಕರಿಸುವ ಮೊದಲು ಅಳತೆಯ ಗೇಜನ್ನು ಪರೀಕ್ಷಿಸು, ಸವೆದ ಗೇಜು ಒಳ್ಳೆಯದನ್ನು ಕೆಟ್ಟದ್ದೆನ್ನುತ್ತದೆ, ಕೆಟ್ಟದ್ದನ್ನು ಒಳ್ಳೆಯದೆನ್ನುತ್ತದೆ. ಈ ಪಾಠವನ್ನು ನಾನೇ ಮುಂದೆ ಎಷ್ಟೋ ಜನರಿಗೆ ಕಲಿಸಿದ್ದೆ. ಆದರೆ ಮೂವತ್ತೆರಡು ವರ್ಷ ಯಂತ್ರಗಳ ಮಧ್ಯೆ ಸವೆದ ಎರಡು ಕಿವಿಗಳನ್ನು ನಿಶ್ಶಬ್ದದ ಪರೀಕ್ಷೆಗೆ ನೇಮಿಸುವಾಗ ಅದು ನೆನಪಾಗಲಿಲ್ಲ. ಅದೂ ಅಲ್ಲದೆ, ಸೀಟಿ ಊದುವವನ ಕಿವಿಯಲ್ಲಿ ಸೀಟಿಯಲ್ಲದೆ ಬೇರೇನೂ ಇರುವುದಿಲ್ಲ. ಎಂಟು ವರ್ಷ ಈ ಕಟ್ಟಡದಲ್ಲಿ ದಿನವೂ ತಪ್ಪದೆ ಬೊಗಳುತ್ತಿದ್ದ ಪ್ರಾಣಿಯೊಂದಿತ್ತು, ಅದರ ತಳಿ ಯಾವ ಪಟ್ಟಿಯಲ್ಲೂ ಇರಲಿಲ್ಲ, ಅದಕ್ಕೆ ಸಂಬಳ ಬೇರೆ ಬರುತ್ತಿತ್ತು.

ರಿಜಿಸ್ಟರು ತರಿಸಿ, ಎಲ್ಲರೆದುರು ಮೂವತ್ತೇಳನೆಯ ಸಾಲು ಬರೆದೆ. ಸಮಯ: ಐದೂವರೆ. ಸದ್ದು: ಒಂದು. ಕಾರಣ: ಮೇಲ್ವಿಚಾರಕ. ಹನುಮಂತರಾಯಪ್ಪನವರು ಬ್ರಷ್ಷು ತೆಗೆದು ಓದಿದರು, ತಾಯಿಯತ್ತ ನೋಡಿದರು, ನನ್ನತ್ತ ನೋಡಿದರು.

“ಅಂಗಾರೆ ಪೀಪಿ ನಿಂತ್ರೆ ನಾಯಿ ನಿಲ್ತದಾ?”

“ನಾಳೆ ಬೆಳಿಗ್ಗೆ ನೋಡಿ,” ಎಂದೆ.

ಮರುದಿನ, ಸೋಮವಾರ, ಐದೂವರೆಗೆ ನಾನು ಗೇಟಿನ ಬಳಿ ಖಾಲಿ ಕೈಯಲ್ಲಿ ನಿಂತಿದ್ದೆ. ಎಂಟು ವರ್ಷದ ಅಭ್ಯಾಸಕ್ಕೆ ತುಟಿಗಳು ತಾವಾಗಿಯೇ ಗುಂಡಗಾಗುತ್ತಿದ್ದವು. ಪ್ರೆಸ್ಸಿನ ಸದ್ದಿನಲ್ಲಿ ಕೆಳಗಿನ ಕಿವಿಗಳನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಹನುಮಂತರಾಯಪ್ಪನವರು ಟೆರೇಸಿಗೇ ಹತ್ತಿ ಟ್ಯಾಂಕಿನ ಪಕ್ಕ ಕುಳಿತರು. ಆರೂವರೆಗೆ ಇಳಿದು ಬಂದು, “ನನ್ ತೊಡೆ ಮ್ಯಾಲೆ ತಲೆ ಇಕ್ಕಂಡು ಮಲ್ಗದೆ ಸ್ವಾಮಿ, ಏಳಾಕೇ ಮನಸ್ಸಾಗ್ಲಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಕೋಣೆ ಬಿಡಲೆಂದು ಕಟ್ಟಿದ್ದ ಗಂಟುಮೂಟೆಯನ್ನು ಈರಣ್ಣ ಬಿಚ್ಚಿದ.

ಸೀಟಿ ಈಗ ನನ್ನ ಟ್ರಂಕಿನಲ್ಲಿ ಹಳೆಯ ಗೇಜುಗಳ ಜೊತೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದೆ. ಹುಡುಗರು ಮನಬಂದ ಹೊತ್ತಿಗೆ ಏಳುತ್ತಾರೆ. ಕೆಲವರು ಲ್ಯಾಬಿಗೆ ತಡವಾಗಿ ಹೋದರು. ಆದರೂ ಆಕಾಶ ಕಳಚಿ ಬೀಳಲಿಲ್ಲ, ಮೆಟ್ರೋ ಕಂಬಗಳಷ್ಟು ಎತ್ತರದಲ್ಲೇ ಉಳಿಯಿತು. ಈರಣ್ಣ ಪರೀಕ್ಷೆ ಪಾಸಾದ. ಬೂಟುಗಳು ಕಳುವಾಗುವುದೂ ನಿಂತಿತು, ಏಕೆಂದರೆ ಗುಂಡ ಅಗಿದು ಹಾಕಿದ ಬೂಟನ್ನು ಯಾವ ಕಳ್ಳನೂ ಒಯ್ಯುವುದಿಲ್ಲ, ತತ್ತ್ವಜ್ಞಾನಿಯೂ ಒಯ್ಯುವುದಿಲ್ಲ.

ಗೇಟಿಗೆ ಒಂದು ಫಲಕ ಬೇಕೆಂದು ಹುಡುಗರು ಹಟ ಹಿಡಿದರು. ಫಲಕವೆಂದರೆ ಒಳಗಿನ ವಸ್ತುವಿಗೆ ತಾಳೆಯಾಗಬೇಕು ಎಂಬ ಒಂದೇ ಷರತ್ತು ಹಾಕಿದೆ. ತಗಡಿನ ತುಂಡನ್ನು ಪ್ರೆಸ್ ಶಾಪಿನವರು ಕೊಟ್ಟರು, ಅಕ್ಷರ ಕಾರ್ತಿಕನದು. ಸಂಜೆಯ ನಡಿಗೆ ಮುಗಿಸಿ ಬಂದಾಗಲೆಲ್ಲ ಅದನ್ನು ಒಮ್ಮೆ ಓದಿ, ಕಿರುಗುಟ್ಟದಂತೆ ಚಿಲಕ ಎತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತೇನೆ: ‘ನಾಯಿ ಮಲಗಿದೆ. ಮೆಲ್ಲಗೆ ಬನ್ನಿ.’