ಕಡಲ ದಂಡೆಯಲ್ಲಿ ಮುದ್ದೆ ಕಟ್ಟಿದ್ದು

ಗೋಡೆಗೋಡೆಗೂ ಚಿತ್ರ ಬರೆದಿರುವ ಆ ಕಡಲೂರಿನಲ್ಲಿ ನಾನು ಸಮುದ್ರವನ್ನು ಕಣ್ತುಂಬ ನೋಡುವ ಮೊದಲೇ ಬೈಸಿಕೊಂಡೆ. ಕಲಾವಿದರೊಬ್ಬರು ದಂಡೆಯ ಮೇಲೆ ಮರಳಿನಲ್ಲಿ ಬಾಲಕೃಷ್ಣನನ್ನು ಮಾಡಿದ್ದರು. ಅವನ ಕೈಯಲ್ಲಿದ್ದ ಬೆಣ್ಣೆ ಉಂಡೆಯನ್ನು ನನ್ನ ನಾಲ್ಕು ವರ್ಷದ ಮಗಳು ಒಂದೇ ಏಟಿಗೆ ಚಪ್ಪಟೆ ಮಾಡಿಬಿಟ್ಟಳು.

"ಆ ಉಂಡೆ ಬೆಳಗ್ಗೆಯಿಂದ ನಾಲ್ಕು ಸಲ ಬಿರುಕು ಬಿಟ್ಟು ಈಗಷ್ಟೇ ನಿಂತಿತ್ತು. ಕಲೆ ಅಂದರೇನು ಅಂತ ಗೊತ್ತಿಲ್ಲದವರು ಮಕ್ಕಳನ್ನು ಯಾಕೆ ಕರೆತರುತ್ತೀರಿ?" ಎಂದು ಕಲಾವಿದರು ರೇಗಿದರು. ಸುತ್ತ ಜನ ಸೇರಿದ್ದರು. ಮಗಳು ನನ್ನ ಸೆರಗಿನ ಹಿಂದೆ ಅಡಗಿದಳು.

"ಬುಡಮ್ಮಿ, ಓಗಾನ ಬಾ," ಎಂದು ನಮ್ಮನೆಯವರು ನನ್ನ ಕೈ ಎಳೆದರು.

"ಸುಮ್ಕಿರಿ. ಕೆಡಿಸಿದ್ದು ನಮ್ಮ ಮಗಳು, ಕಟ್ಕೊಟ್ಟೇ ಬರೋದು," ಎಂದೆ.

ತಿಂಡಿ ಡಬ್ಬಿಯ ಮುಚ್ಚಳ ಒದ್ದೆ ಮಾಡಿದೆ. ಮರಳಿಗೆ ನೀರು ಚಿಮುಕಿಸಿ ಚೆನ್ನಾಗಿ ನಾದಿ, ಕೈ ನೀರಿಗದ್ದಿ, ಮುಚ್ಚಳದ ಮೇಲಿಟ್ಟು ರಾಗಿಮುದ್ದೆ ಕಟ್ಟುವ ಹಾಗೆ ಉರುಳಿಸಿ ಕಟ್ಟಿದೆ. ಉಂಡೆ ನುಣ್ಣಗೆ ಬಂತು, ಕೂದಲೆಳೆಯಷ್ಟೂ ಬಿರುಕಿಲ್ಲ. ಕೃಷ್ಣನ ಕೈಗಿಟ್ಟಾಗ ಜನ ಚಪ್ಪಾಳೆ ತಟ್ಟಿದರು.

ಕಲಾವಿದರು ಬಗ್ಗಿ ಬಗ್ಗಿ ನೋಡಿದರು. "ಎಲ್ಲಿ ಕಲಿತಿರಿ?"

"ಮಳವಳ್ಳಿಲಿ ಕಣಣ್ಣ, ಒಲೆ ಮುಂದೆ. ನಮ್ ಕಡೆ ಇದು ಬರ್ದಿದ್ರೆ ಊಟಾನೇ ಇಲ್ಲ."

ಅವರು ನಕ್ಕು, "ಕೃಷ್ಣನ ಬೆಣ್ಣೆ ಗಡಿಗೆಯ ಪಕ್ಕಕ್ಕೆ ಇನ್ನೆರಡು ಮಾಡಿಕೊಡಿ ತಾಯಿ," ಎಂದರು. ಒಂದನ್ನು ನಾನು ಕಟ್ಟಿದೆ, ಇನ್ನೊಂದನ್ನು ಮಗಳ ಕೈಯಲ್ಲಿ ಕಟ್ಟಿಸಿದೆ.

ನಮ್ಮನೆಯವರು ಅದನ್ನೆಲ್ಲ ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದರು. ಮನೆಯಲ್ಲಿ ದಿನಾ ನನ್ನ ಮುದ್ದೆಯಲ್ಲಿ ಗಂಟು ಹುಡುಕುವ ಮನುಷ್ಯ. ಇದನ್ನು ತಿನ್ನುವ ಹಾಗಿರಲಿಲ್ಲವಲ್ಲ, ಅದಕ್ಕೇ ಇರಬೇಕು, ಒಂದು ಗಂಟೂ ಸಿಗಲಿಲ್ಲ.